ಕುಳ್ಳಮ್ಮನ ಬೀಗರ ಕೂಟ

ಕುಳ್ಳಮ್ಮನವರನ್ನು ನಾನು ಮೊದಲು ಕಂಡ ದಿನ ನನ್ನ ಬಿಳಿಯ ಪಂಚೆಯ ಮೇಲೆ ಒಂದು ಹಿಡಿ ಉಪ್ಪಿಟ್ಟು ಬಂದು ಬಿದ್ದಿತು.

ಪಾಂಡವಪುರದಲ್ಲಿ ಲಕ್ವ ಹೊಡೆದವರಿಗೆ ಕೈಕಾಲು ಆಡಿಸುವುದನ್ನು ಮತ್ತೆ ಕಲಿಸುವ ಒಂದು ಕೊಠಡಿಯಿದೆ. ಅದರ ಹೊರಗಿನ ಬೆಂಚಿನ ಮೇಲೆ ನಾನು ಲಕ್ವ ಹೊಡೆದಿದ್ದ ನನ್ನ ಅಕ್ಕನೊಡನೆ ಸರದಿಗಾಗಿ ಕಾದಿದ್ದೆ. ಪಕ್ಕದಲ್ಲಿ ಹೆಂಗಸೊಬ್ಬರು ಡಬ್ಬಿಯಿಂದ ಗಂಡನಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದರು. ಆತ ಎಡಗೈಯಿಂದ ಚಮಚವನ್ನು ತಳ್ಳಿದ. ಅವರು ಕ್ಷಮೆ ಕೇಳುವರೆಂದು ನಾನು ಸುಮ್ಮನೆ ಕುಳಿತೆ. ಅವರೋ, ನನ್ನ ಪಂಚೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ, ಬಿಕ್ಕಳಿಕೆ ಬರುವಂತೆ ನಗತೊಡಗಿದರು.

"ಇವತ್ತು ನಿಮ್ ಪುಣ್ಯ ಚೆನ್ನಾಗದೆ ಮೇಷ್ಟ್ರೇ. ನೆನ್ನೆ ಸಾರಿತ್ತು," ಎಂದರು.

ನಾನು ಮೇಷ್ಟರೆಂದು ಹೇಗೆ ತಿಳಿಯಿತೆಂದು ಕೇಳಿದೆ. ಉಪ್ಪಿಟ್ಟು ಮೈಮೇಲೆ ಬಿದ್ದರೂ ಕೈಕಟ್ಟಿ ಕುಳಿತಿರುವವರು ಇನ್ನಾರಿದ್ದಾರೆ ಎಂದರು.

ಹೆಸರು ಕುಳ್ಳಮ್ಮ, ಎತ್ತರವೋ, ಬಾಗಿಲುಗಳಿಗೆಲ್ಲ ತಲೆ ಬಗ್ಗಿಸಬೇಕು. ಊರಂಚಿನಲ್ಲಿ ಮನೆ, ಒಂದಿಷ್ಟು ಗದ್ದೆ, ಕರೆಯುವ ಹಸು. ಗಂಡ ಚೌಡಯ್ಯ ಒಂದು ಕಾಲಕ್ಕೆ ಡೈರಿಯ ಮುಂದೆ ನಿಂತು ಮಾತಾಡಿದರೆ ಬಯಲಿನ ಕೊನೆಯ ಗದ್ದೆಯವರಿಗೂ ಕೇಳಿಸುತ್ತಿತ್ತಂತೆ. ಲಕ್ವ ಅವನ ಬಲಗೈ ಬಲಗಾಲುಗಳ ಜೊತೆಗೆ ಮಾತನ್ನೂ ಕೊಂಡೊಯ್ದು, ಒಂದೇ ಒಂದು ಪದವನ್ನು ಉಳಿಸಿತ್ತು: "ಬುಡು." ಹಸಿವಾದರೂ ಬುಡು, ಸಿಟ್ಟು ಬಂದರೂ ಬುಡು, ಹಸು ಕರು ಹಾಕಿತೆಂದರೂ ಬುಡು. ಹೆಂಡತಿ ತಿನ್ನಿಸಿದರೆ ಅರ್ಧ ಉಗಿಯುವನು. ಮಗಳು ಭೂಮಿಕ ನಾಗಮಂಗಲದ ಹಾಸ್ಟೆಲಿನಿಂದ ರಜೆಗೆ ಬಂದು ತಿನ್ನಿಸಲು ಹೋದರೆ ಬಾಯಿಯನ್ನೇ ತೆರೆಯನು. ಹೀಗಾಗಿ ಕುಳ್ಳಮ್ಮನವರು ಆ ಕೊಠಡಿಗಲ್ಲದೆ ಬೇರೆಲ್ಲಿಗೂ ಹೋಗದೆ ವರ್ಷ ಕಳೆದಿತ್ತು.

"ಎಂಗಸ್ರಿಗೆಲ್ಲ ಬಸ್ಸು ಪುಕ್ಕಟೆ ಮಾಡವ್ರೆ. ಇಡೀ ಜಿಲ್ಲೆ ತಿರುಗ್ತಾ ಅದೆ, ನಾನೊಬ್ಳು ಆಧಾರ್ ಕಾರ್ಡಿಗೆ ಪೂಜೆ ಮಾಡ್ಕಂಡು ಕೂತಿವ್ನಿ. ನಂಗೆ ದೇವ್ರೂ ಬ್ಯಾಡ, ನೆಂಟ್ರೂ ಬ್ಯಾಡ ಮೇಷ್ಟ್ರೇ. ಕಿಟ್ಕಿ ಪಕ್ಕ ಕೂತ್ಕಂಡು ಒಂದ್ಸಲ ಎಲ್ಲಿಗಾರಾ ಓಗಿ ಬರ್ಬೇಕು. ಇಲ್ದಿದ್ರೆ ಒಂದಿನ ಈ ಡಬ್ಬೀನ ನಾನೇ ಇವ್ನ ತಲೆ ಮ್ಯಾಲೆ ಬೋರ್ಲಾಕ್ಬುಡ್ತೀನಿ."

ಹೇಳಿ ಮತ್ತೆ ನಕ್ಕರು. ಆ ನಗು ಇರಬೇಕಾದುದಕ್ಕಿಂತ ತುಸು ಉದ್ದವಾಯಿತು. ಕೊನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದೇ ಬೆಂಚಿಗೆ ಶ್ರೀರಂಗಪಟ್ಟಣದ ಬಡಗಿ ಹೊನ್ನಾಚಾರಿಯವರೂ ಬರುತ್ತಿದ್ದರು. ಅವರ ಹೆಂಡತಿ ಮಾಯಮ್ಮನಿಗೆ ಲಕ್ವ ಎಡಗಡೆ ಹೊಡೆದಿತ್ತು. ಮಾತು ಸರಾಗ, ಎಡಗೈ ಮಾತ್ರ ತೊಡೆಯ ಮೇಲೆ ಮಲಗಿದ ಬೆಕ್ಕಿನಂತೆ ಬಿದ್ದಿರುತ್ತಿತ್ತು. ಎಂತಹ ಬಾಗಿಲನ್ನೂ ಸಂದಿಲ್ಲದಂತೆ ಕೂಡಿಸುವ ಹೊನ್ನಾಚಾರಿಯವರಿಗೆ ಹೆಂಡತಿಯ ಜಡೆ ಒಲಿದಿರಲಿಲ್ಲ. ಅವರು ಹೆಣೆದ ಜಡೆ ಪ್ರತಿ ಸಲವೂ ಒಂದು ಕಿವಿಯ ಮೇಲೆ ಬಂದು ನಿಲ್ಲುತ್ತಿತ್ತು.

ಒಂದು ದಿನ ಚಿಕಿತ್ಸೆ ಮಾಡುವ ಹುಡುಗಿ ಸ್ಪಂದನ ಕುಳ್ಳಮ್ಮನವರನ್ನು ಒಳಗೆ ಕರೆದಳು. ಅವರು ಇಡ್ಲಿಯ ಡಬ್ಬಿಯನ್ನು ಹೊನ್ನಾಚಾರಿಯವರ ಕೈಗೆ ಕೊಟ್ಟು ಹೋದರು. ಹೊನ್ನಾಚಾರಿಯವರು ಏನನ್ನೂ ಯೋಚಿಸದೆ ಒಂದು ತುಂಡು ಮುರಿದು ಚೌಡಯ್ಯನ ಬಾಯಿಯ ಹತ್ತಿರ ಹಿಡಿದರು. ನಾನು ಪಂಚೆಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದೆ. ಚೌಡಯ್ಯ ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡ, ಬೆನ್ನು ನೇರ ಮಾಡಿದ, ಮದುವೆಯ ಪಂಕ್ತಿಯಲ್ಲಿ ಕುಳಿತವನಂತೆ ಗಂಭೀರವಾಗಿ ಅಗಿದು ನುಂಗಿದ. ಕುಳ್ಳಮ್ಮನವರು ಹೊರಗೆ ಬರುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು.

"ಅಯ್ಯೋ ನಿನ್ ಮನೆ ಕಾಯ್ವಾಗ. ನಂಗ್ ಉಗೀತೀಯ, ಇವ್ರಿಗೆ ಬಾಯ್ ತೆಗೀತೀಯ?"

"ನನ್ನ ಯಾರೋ ಬೀಗ್ರು ಅನ್ಕಂಡವ್ರೆ ಕಣವ್ವ. ಬೀಗ್ರ ಮುಂದೆ ಯಾರಾರಾ ಉಗೀತಾರಾ?" ಎಂದರು ಹೊನ್ನಾಚಾರಿ.

ಅವರು ತಮಾಷೆಗೆ ಹೇಳಿದ್ದು. ಕುಳ್ಳಮ್ಮನವರು ಮಾತ್ರ ನಗಲಿಲ್ಲ. ನಮ್ಮ ಸೀಮೆಯಲ್ಲಿ ಮನೆಯವರ ಎದುರು ಎಷ್ಟಾದರೂ ರಂಪ ಮಾಡಬಹುದು. ಬೀಗರ ಎದುರಿಗೆ, ಎಲೆಗೆ ಬಡಿಸಿದುದನ್ನು ಬಿಟ್ಟವನೂ ಇಲ್ಲ, ಮುಖ ಗಂಟಿಕ್ಕಿದವನೂ ಇಲ್ಲ. ಅವರು ಸೀದಾ ಹೋಗಿ ಮಾಯಮ್ಮನ ಮುಂದೆ ನಿಂತು, "ಏನ್ ಬೀಗಿತ್ತಿ, ಚೆನ್ನಾಗಿದ್ದೀರಾ?" ಎಂದರು. ಮಾಯಮ್ಮ ಬೆಚ್ಚಿದಳು. ಸೆರಗು ಜಾರಿತ್ತು; ಬಲಗೈಯಲ್ಲಿ ಕಾಫಿಯ ಲೋಟ. ತೊಡೆಯ ಮೇಲಿದ್ದ ಎಡಗೈ ನಡುಗುತ್ತ, ನಡುಗುತ್ತ ಎದೆಯವರೆಗೆ ಎದ್ದು ಬಂದು ಸೆರಗನ್ನು ಹಿಡಿದೆಳೆಯಿತು.

ಸ್ಪಂದನ ಬಾಗಿಲಲ್ಲೇ ನಿಂತುಬಿಟ್ಟಳು. ತಾನು ಇಷ್ಟು ದಿನ ಬೇಡಿಕೊಂಡರೂ ಏಳದ ಕೈ ಈಗ ಹೇಗೆ ಎದ್ದಿತೆಂದು ಕೇಳಿದಳು.

"ನೀನು ನಮ್ ಉಡ್ಗಿ ಅಲ್ವಾ ತಾಯಿ," ಎಂದಳು ಮಾಯಮ್ಮ ನಾಚಿಕೊಂಡು.

ಅಂದೇ ಆ ಬೆಂಚಿನ ಮೇಲೆ ನಮ್ಮ ಕೂಟ ಹುಟ್ಟಿತು. ರೋಗಿಯನ್ನು ನೋಡಿಕೊಳ್ಳುವವರು ವಾರಕ್ಕೊಮ್ಮೆ ಮತ್ತೊಬ್ಬ ರೋಗಿಯ ಮನೆಗೆ ಬೀಗರಾಗಿ ಹೋಗುವುದು. ಆ ಹೊತ್ತಿನಲ್ಲಿ ಆ ಮನೆಯವರು ತಮಗೆ ಬೇಕಾದಲ್ಲಿಗೆ ಹೋಗಿಬರುವುದು. ಹೆಸರಿಡುವ ಕೆಲಸ ನನಗೆ ಬಂದಿತು. "ಪಾರ್ಶ್ವವಾಯು ಪೀಡಿತರ ಶುಶ್ರೂಷಕರ ಪರಸ್ಪರ ಸಹಾಯಕ ಮಂಡಳಿ" ಎಂದು ಸೂಚಿಸಿದೆ. ಅಷ್ಟನ್ನು ಹೇಳಿ ಮುಗಿಸುವುದರೊಳಗೆ ನನಗೂ ಲಕ್ವ ಹೊಡೆಯುತ್ತದೆಂದು ಕುಳ್ಳಮ್ಮನವರು ಬೇಡವೆಂದರು. ಬೀಗರ ಕೂಟ ಎಂಬ ಹೆಸರೇ ನಿಂತಿತು.

ಮೊದಲ ಸರದಿ ಕುಳ್ಳಮ್ಮನವರದು. ನಿಗದಿಯಾದ ಬೆಳಿಗ್ಗೆ ಹೊನ್ನಾಚಾರಿ ದಂಪತಿಗಳು ರೇಷ್ಮೆ ಉಟ್ಟು, ತಾಂಬೂಲದ ತಟ್ಟೆ ಹಿಡಿದು ಆಟೋದಿಂದ ಇಳಿದರು. ಹಿಂದೆ ನಾನು, ಅಕ್ಕ. ಚೌಡಯ್ಯ ಕ್ಷೌರ ಮಾಡಿಸಿಕೊಂಡು ಬಾಗಿಲ ಪಕ್ಕದ ಚಾಪೆಯ ಮೇಲೆ ಕುಳಿತಿದ್ದ; ಕಾಲು ತೊಳೆಯಲು ನೀರಿನ ಚೊಂಬನ್ನು ಎಡಗೈಯಿಂದ ತಾನೇ ಮುಂದಕ್ಕೆ ನೂಕಿದ. ಎಲೆ ಹಾಕಿ ಬಡಿಸಿದೆವು. ಹೊನ್ನಾಚಾರಿಯವರು ತಿನ್ನಿಸಿದ ಮೊದಲ ತುತ್ತು ಒಳಗೆ ಹೋಯಿತು. ಕುಳ್ಳಮ್ಮನವರು ಚೀಲ ಹೆಗಲಿಗೇರಿಸಿ ಹೊಸಲು ದಾಟುವಷ್ಟರಲ್ಲಿ ಚೌಡಯ್ಯನ ಅಣ್ಣ ನಂಜಪ್ಪನವರು ಬಾಗಿಲಿಗೆ ಅಡ್ಡ ನಿಂತರು.

ತಮ್ಮನಿಗೆ ಲಕ್ವ ಹೊಡೆದ ವಾರ ಬ್ರೆಡ್ಡು ತಂದು, ನಾಟಿ ಔಷಧದ ಹೆಸರು ಹೇಳಿ ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ರೇಷ್ಮೆ ಸೀರೆ, ತಾಂಬೂಲದ ತಟ್ಟೆ ಬೀದಿಯಲ್ಲಿ ಹಾದುಹೋದದ್ದನ್ನು ಕಂಡವರು ಭೂಮಿಕಳಿಗೆ ಗಂಡು ಗೊತ್ತಾಯಿತೆಂದು ಅವರ ಕಿವಿಗೆ ಹಾಕಿದ್ದರು.

"ದೊಡ್ಡಪ್ಪ ಅಂತ ನಾನೊಬ್ಬ ಬದುಕಿವ್ನೋ ಇಲ್ವೋ ಕುಳ್ಳಮ್ಮ? ಎಣ್ಣ್ ಕೊಡೋ ಮಾತ ನನ್ ಬುಟ್ಟು ಆಡ್ತೀರಾ? ಅದೂ ಆಚಾರ್ರ ಮನೇಗೆ?"

ಹೊನ್ನಾಚಾರಿಯವರು ತಮ್ಮ ತಾಂಬೂಲದ ತಟ್ಟೆಯನ್ನು ಕದ್ದ ಮಾಲಿನಂತೆ ನೋಡಿದರು. ಬೀದಿಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. ನಂಜಪ್ಪನವರಿಗೆ ವಿಷಯ ತಿಳಿಸಲು ಸಂಜೆಯೇ ಆದೀತು. ಕುಳ್ಳಮ್ಮನವರ ಮುಖ ಬಾಡಿತು. ಚೀಲ ಹೆಗಲಿನಿಂದ ಮೊಣಕೈಗೆ ಇಳಿಯಿತು.

ಆಗ ಚೌಡಯ್ಯನ ಕಿವಿಗಳು ಕೆಂಪಾದವು. ಬೀಗರ ಮುಂದೆ ಮನೆಯ ಮಾನ ಹೋಗುತ್ತಿದೆ. ಅವನು ಕುಳಿತಲ್ಲಿಂದಲೇ ಎಡಗೈ ಚಾಚಿ ಅಣ್ಣನ ಪಂಚೆಯ ತುದಿ ಹಿಡಿದು ಜಗ್ಗಿದ. "ಬುಡು," ಎಂದ, ಮಕ್ಕಳನ್ನು ಸುಮ್ಮನಿರಿಸುವವನಂತೆ ಮೆತ್ತಗೆ. ಚೊಂಬನ್ನು ನೂಕಿದ. ತನ್ನ ಎಲೆಯನ್ನೇ ಅಣ್ಣನ ಕಡೆಗೆ ಸರಿಸಿದ.

ನಂಜಪ್ಪನವರೂ ಇದೇ ಮಣ್ಣಿನವರು. ಬೀಗರು ನೋಡುತ್ತಿದ್ದಾರೆ. ಎರಡು ಸಲ ಕೆಮ್ಮಿ, ಕೈ ತೊಳೆದು, ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಮಾಯಮ್ಮ ಬಲಗೈಯಿಂದ ಎಲೆಗೆ ತುಪ್ಪ ಹಾಕಿದಳು.

"ಮೇಷ್ಟ್ರೇ, ಇವ್ರಿಗೆ ನೀವೇ ಏಳ್ಬುಡಿ," ಎಂದವರೇ ಕುಳ್ಳಮ್ಮನವರು ಓಡಿದರು. ಆ ಎತ್ತರದ ಹೆಂಗಸು ಸೀರೆಯ ನಿರಿಗೆ ಹಿಡಿದು ಬೀದಿಯಲ್ಲಿ ಓಡಿದುದನ್ನು ಈಗಲೂ ನೆನೆದು ನಗುತ್ತೇನೆ. ಹೊರಡುವ ಅವಸರದಲ್ಲಿ ಬಾಗಿಲಿಗೆ ತಲೆ ಬಗ್ಗಿಸುವುದನ್ನು ಮರೆತು ಹಣೆಯನ್ನು ತಾಗಿಸಿಕೊಂಡಿದ್ದರು, ಅದಕ್ಕೂ ನಿಂತಿರಲಿಲ್ಲ.

ಹೊತ್ತು ಇಳಿದ ಮೇಲೆ ಬಂದರು. ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಬುಗುಟು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ.

"ನಾಗಮಂಗ್ಲದ ಮ್ಯಾಲೆ ಬೆಳ್ಳೂರ್ ಕ್ರಾಸ್‌ಗಂಟ ಓದೆ. ಟೀ ಕುಡ್ದೆ. ಲಾರಿ ನೋಡ್ದೆ. ಬಂದೆ. ಯಾರ್ ಬಾಯ್ನೂ ಒರೆಸ್ನಿಲ್ಲ ಮೇಷ್ಟ್ರೇ."

ಹೇಳಿ ನಕ್ಕರು. ಈ ಸಲ ನಗು ನಿಲ್ಲಬೇಕಾದಲ್ಲಿ ನಿಂತಿತು.

ಆಮೇಲೆ ಕೂಟ ನಾಗಮಂಗಲಕ್ಕೂ ಕೆ.ಆರ್. ಪೇಟೆಗೂ ಹಬ್ಬಿತು. ನಂಜಪ್ಪನವರು ಈಗ ನಮ್ಮ ಅತಿ ಬಿಗುವಿನ ಬೀಗರು. ಹೋದ ಮನೆಗಳಲ್ಲೆಲ್ಲ ಸಾರಿಗೆ ಉಪ್ಪು ಕಡಿಮೆಯೆಂದು ತಕರಾರು ತೆಗೆಯುತ್ತಾರೆ. ಅವರನ್ನು ಮೆಚ್ಚಿಸಲೆಂದೇ ರೋಗಿಗಳು ಎದ್ದು ಕೂಡುತ್ತಾರೆ. ಮಾಯಮ್ಮನ ಜಡೆಯನ್ನು ಬರುವ ಬೀಗಿತ್ತಿಯರೇ ಹೆಣೆಯುವುದರಿಂದ ಅದು ಬೆನ್ನಿನ ಮೇಲೆಯೇ ನಿಲ್ಲುತ್ತದೆ. ಚೌಡಯ್ಯ ಬೀಗರೆದುರು ಎಡಗೈಯಿಂದ ತಾನೇ ಕಲಸಿ ಉಣ್ಣುತ್ತಾನೆ. ಕುಳ್ಳಮ್ಮನವರು ತಿನ್ನಿಸಿದರೆ ಮಾತ್ರ ಇಂದಿಗೂ ಉಗಿಯುತ್ತಾನೆ.

"ಉಗೀಲಿ ಬುಡಿ. ನಾನ್ ಮನೆಯೋಳಲ್ವಾ," ಎನ್ನುತ್ತಾರೆ ಅವರು, ಸ್ವಲ್ಪ ಜಂಬದಿಂದಲೇ.

ಇಂದು ಕೆ.ಆರ್. ಪೇಟೆಯಲ್ಲಿ ಹೊಸಬರೊಬ್ಬರ ಮನೆಗೆ ಬೀಗಿತ್ತಿಯಾಗಿ ಹೋಗುವ ಸರದಿ ಕುಳ್ಳಮ್ಮನವರದು; ಚೌಡಯ್ಯನ ಬಳಿ ಹೊನ್ನಾಚಾರಿ ದಂಪತಿಗಳಿದ್ದಾರೆ. ಈ ಹೊತ್ತಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿರುತ್ತಾರೆ, ತೊಡೆಯ ಮೇಲೆ ತಾಂಬೂಲದ ತಟ್ಟೆ ಇಟ್ಟುಕೊಂಡು, ಅಕ್ಕಪಕ್ಕದವರು ಯಾವ ಮದುವೆಗೆಂದು ಕೇಳಿದರೆ ಬಾಯಿಗೆ ಬಂದ ಊರಿನ ಹೆಸರು ಹೇಳುತ್ತ.