ಬಿಗಿಯಮ್ಮ ಸುತ್ತಿದ ಕಾಯಿಲ್

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಆಕೆಗೆ ಬಿಗಿಯಮ್ಮ ಎಂದೇ ಹೆಸರು. ಹೆತ್ತವರಿಟ್ಟ ಹೆಸರಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಆಕೆ ತಾಮ್ರದ ತಂತಿ ಸುತ್ತಿದರೆ ಸುತ್ತುಗಳ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಯಾರಾದರೂ ಸಡಿಲವಾಗಿ ಸುತ್ತಿದರೋ, ಕೆಟ್ಟರು! "ಇದೇನು ಕಾಯಿಲ್ಲೋ, ಹಕ್ಕಿಗೂಡೋ? ಮೊಟ್ಟೆ ಇಡೋಕೂ ಜಾಗ ಬಿಟ್ಟಿದ್ದೀಯಲ್ಲ!" ಎಂದು ಎಲ್ಲವನ್ನೂ ಬಿಚ್ಚಿಸುವಳು. ಕೆಲಸ ಕಲಿಯುತ್ತಿದ್ದ ಮಗಳಿಗೇ ಈ ಮಾತು ಹೆಚ್ಚು ಬಿದ್ದಿತ್ತು.

ಈಗ ಮಗಳು ಮನೆಯ ಮುಂದಿನ ಕೋಣೆಯಲ್ಲೇ ಮೋಟಾರು, ಫ್ಯಾನು ರಿಪೇರಿ ಮಾಡುತ್ತಾಳೆ. ಅಮ್ಮನಿಗೆ ಮರೆವು. ಅಂತಿಂಥ ಮರೆವಲ್ಲ, ಊಟ ಮಾಡಿದ್ದು, ಗಂಡ ತೀರಿಕೊಂಡಿದ್ದು, ಮಗಳ ಮುಖ, ಎಲ್ಲವೂ ಬಂದು ಹೋಗುವ ನೆಂಟರು. ಕೆಲಸಕ್ಕೆ ಹೊರಡುವ ಹೊತ್ತೊಂದನ್ನು ಮಾತ್ರ ಮರೆಯುವುದಿಲ್ಲ. ಆ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ! ಆದರೂ ಬೆಳಗಾದರೆ ಚೀಲ ಹಿಡಿದು ಹಿಂಬಾಗಿಲಿನಿಂದ ಹೊರಟುಬಿಡುತ್ತಾಳೆ. ದಾರಿಯಲ್ಲಿ ಹೆದ್ದಾರಿ ಬೇರೆ.

ಒಂದು ದಿನ ಲಾರಿ ಡ್ರೈವರೊಬ್ಬ ಅವಳ ಕೈಹಿಡಿದು ಕರೆತಂದ. "ನಿಮ್ಮಮ್ಮನಾ? ಬ್ರೇಕ್ ಹಿಡೀದೇ ಹೋಗಿದ್ರೆ ಏನು ಗತಿ?" ಎಂದ. ಮಗಳು ಅಮ್ಮನ ಮೈಕೈ ಮುಟ್ಟಿ ಮುಟ್ಟಿ ನೋಡಿದಳು. ಅಮ್ಮನಿಗೇನು? "ನಿಮ್ಮ ಹಾರನ್ ದನಿ ಸತ್ತಿದೆ. ತಂದ್ಕೊಡಿ, ಕಾಯಿಲ್ ಸುತ್ತಿಕೊಡ್ತೀನಿ" ಎಂದಳು.

ಬೀಗ ಹಾಕಲು ಮಗಳಿಗೆ ಧೈರ್ಯ ಬರಲಿಲ್ಲ. ಬೆಂಕಿಗಿಂಕಿ ಹತ್ತಿದರೆ? ಚಿಲಕವೋ, ಅಮ್ಮನ ಬೆರಳಿಗೆ ಯಾವ ಲೆಕ್ಕ? ಕೊನೆಗೆ ವಿದ್ಯುತ್ಕಾಂತವೇ ಸರಿಯೆನಿಸಿತು. ಚೌಕಟ್ಟಿಗೆ ಕಾಂತ, ಬಾಗಿಲಿಗೆ ಕಬ್ಬಿಣದ ಪಟ್ಟಿ. ಕರೆಂಟ್ ಇರುವಷ್ಟು ಹೊತ್ತು ಕಚ್ಚಿ ಹಿಡಿಯುತ್ತದೆ, ಸ್ವಿಚ್ ಆರಿಸಿದರೆ ಬಿಡುತ್ತದೆ.

ಒಂದು ಬೋಲ್ಟಿಗೆ ತಂತಿ ಸುತ್ತಿ ಹಿಂಬಾಗಿಲಿಗೆ ಕೂರಿಸಿದಳು. ಅಮ್ಮ ಹೆಗಲು ಕೊಟ್ಟಳು. ತೆರೆದೇಬಿಟ್ಟಿತು! ಮಗಳು ಕಾಯಿಲ್ಲಿನೊಳಗಿನ ಬೋಲ್ಟ್ ತೆಗೆದು ದಪ್ಪನೆಯ ಮೆದು ಕಬ್ಬಿಣದ ತುಂಡು ಕೂರಿಸಿದಳು. ಹಿಡಿತ ಹೆಚ್ಚಿತು. ಪಟ್ಟಿಯ ಬಣ್ಣ ಕೆರೆದು, ಕಬ್ಬಿಣಕ್ಕೆ ಕಬ್ಬಿಣ ಹೊಂದುವಂತೆ ಉಜ್ಜಿದಳು. ಇನ್ನಷ್ಟು ಹೆಚ್ಚಿತು. ಅಮ್ಮನ ಹೆಗಲಿಗೆ ಅದೂ ಸಾಲಲಿಲ್ಲ. ಕರೆಂಟ್ ಏರಿಸಿದರೆ ಕಾಯಿಲ್ ಕಾದು, ತಂತಿಯ ಮೇಲಿನ ವಾರ್ನಿಷ್ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಉಳಿದದ್ದು ಒಂದೇ ದಾರಿ: ಅದೇ ಜಾಗದಲ್ಲಿ ಇನ್ನೂ ಹೆಚ್ಚು ಸುತ್ತು. ಆಗ ಅಷ್ಟೊಂದು ಕರೆಂಟ್ ಬೇಡ, ಬಿಸಿಯೂ ಕಡಿಮೆ. ಆದರೆ ಅವಳು ಎಷ್ಟೇ ಜಾಗ್ರತೆಯಿಂದ ಸುತ್ತಿದರೂ ತಂತಿ ಹಿಡಿಸುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. "ಏನು ಹುಡುಗಿ, ಹಕ್ಕಿಗೂಡು ಕಟ್ತಿದ್ದೀಯಾ? ಕೊಡಿಲ್ಲಿ."

ಕಸಿದುಕೊಂಡು ಬಿಚ್ಚಿದಳು, ಸುತ್ತತೊಡಗಿದಳು. ಮಗಳ ಹೆಸರು ಮರೆತ ಆಕೆಯ ಬೆರಳುಗಳು ತಂತಿಯ ಹದ ಮರೆತಿರಲಿಲ್ಲ.

"ಯಾತಕ್ಕೆ ಇದು?"

"ಬಾಗಿಲಿಗೆ," ಎಂದಳು ಮಗಳು. "ಗಿರಾಕಿ ಒಬ್ಬರದು. ಅವರಮ್ಮ ಹೇಳದೆ ಕೇಳದೆ ಹೊರಟುಹೋಗ್ತಾರಂತೆ."

"ಅಯ್ಯೋ ಪಾಪ! ಹಾಗಾದ್ರೆ ಚೆನ್ನಾಗೇ ಸುತ್ತಬೇಕು." ಅಮ್ಮ ತಂತಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

ಆ ಕೈ ಹಿಡಿದು ನಿಲ್ಲಿಸಬೇಕೆನಿಸಿತು ಮಗಳಿಗೆ. ನಿಲ್ಲಿಸಲಿಲ್ಲ. ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಲಾರಿಯ ನೆನಪೂ ಬಿಡಬೇಕಲ್ಲ.

ಮರುದಿನ ಬೆಳಿಗ್ಗೆ ಅಮ್ಮ ತಲೆ ಬಾಚಿ, ಚೀಲ ಹಿಡಿದು ಬಾಗಿಲು ತಳ್ಳಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೆಗಲು ಕೊಟ್ಟಳು. ಊಹೂಂ. ಚೌಕಟ್ಟಿನ ಮೂಲೆಯಲ್ಲಿದ್ದ ಕಾಯಿಲ್ ಕಣ್ಣಿಗೆ ಬಿತ್ತು. ಬೆರಳಾಡಿಸಿದಳು, ಮುಖ ಅರಳಿತು.

"ಯಾರೋ ಪರವಾಗಿಲ್ಲ, ಚೆನ್ನಾಗಿ ಸುತ್ತಿದ್ದಾರೆ ಕಣೇ!" ಎಂದಳು. ಆಮೇಲೆ ಚೀಲವನ್ನು ಎದೆಗೊತ್ತಿಕೊಂಡು ಮೆಲ್ಲಗೆ ಕೇಳಿದಳು, "ಒಳಗಿರೋರನ್ನ ಯಾರು ಹೊರಗೆ ಕರ್ಕೊಂಡು ಹೋಗ್ತಾರೆ?"

ಮಗಳು ಬಿಚ್ಚಿಟ್ಟಿದ್ದ ಫ್ಯಾನನ್ನು ಹಾಗೇ ಬಿಟ್ಟು, ಮುಂದಿನ ಕೋಣೆಯ ಕದ ಎಳೆದುಕೊಂಡು ಬಂದು, ಕಾಂತದ ಸ್ವಿಚ್ ಆರಿಸಿದಳು.

"ನಾನಮ್ಮ," ಎಂದಳು. "ದಿನಾ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ."

"ಹಾಗಾದ್ರೆ ಬೇಗ ಚಪ್ಪಲಿ ಹಾಕ್ಕೋ," ಎಂದಳು ಅಮ್ಮ, "ಅಂಗಡಿ ತೆಗೆಯೋ ಹೊತ್ತಾಯ್ತು."