ಲೋಟದ ಅಡಿಯ ಸಾಸಿವೆ

ಅಕ್ಕನ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಓಲೆ ಹಿಡಿದು ಎಳೆದವನು ಭಾವ. ಆ ಕಿವಿಯನ್ನು ಕೂದಲಲ್ಲಿ ಮುಚ್ಚಿಕೊಂಡು ಅವಳು ಠಾಣೆ ನಗರದ ಘೋಡಬಂದರ್ ರಸ್ತೆಯ ಫ್ಲ್ಯಾಟಿನಲ್ಲಿ, ಕಂಪ್ಯೂಟರಿನ ಮುಂದೆ ಕೂತು ಆಕಾಶದ ಫೋಟೊಗಳನ್ನು ನೋಡುತ್ತಿದ್ದಳು.

ಎಂಎಸ್ಸಿ ಓದಿದವಳು. ಗ್ಯಾಲಕ್ಸಿಗಳು ಎಲ್ಲಿ ಗುಂಪಾಗಿವೆ, ಎಲ್ಲಿ ವಿರಳವಾಗಿವೆ ಎಂದು ಎಣಿಸುವವರ ಜೊತೆ ಅವಳ ಕೆಲಸ. ಹತ್ತಿರದ ನಕ್ಷತ್ರದ ಬೆಳಕು ಕಣ್ಣು ಕುಕ್ಕಿ ಹಿಂದಿನದನ್ನು ಮರೆಮಾಡಿದ ಜಾಗಗಳಿಗೆ ಗೆರೆ ಎಳೆದು, ಎಣಿಕೆಯಿಂದ ಹೊರಗಿಡುವುದು ಅವಳ ಪಾಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಭಾವನ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದ ನನಗೆ ಅದನ್ನು ಅಡುಗೆಮನೆಯಲ್ಲಿ ಕಲಿಸಿದಳು. ತಟ್ಟೆಯಲ್ಲಿ ಸಾಸಿವೆ ಚೆಲ್ಲಿ, ಮೇಲೊಂದು ಲೋಟ ಕವುಚಿದಳು.

"ಅಡಿಯಲ್ಲಿ ಎಷ್ಟುಂಟು?"

"ಕಾಣುದಿಲ್ಲಲ್ಲ!"

"ಹಾಗೇ ಹೇಳ್ಬೇಕು. ಸಾಸಿವೆಯೇ ಇಲ್ಲ ಅಂದ್ರೆ ಇಡೀ ತಟ್ಟೆಯ ಲೆಕ್ಕ ಸುಳ್ಳು ಮಾರಾಯ. ಆಕಾಶದಲ್ಲಿ ಇಲ್ಲದ ಹೊಂಡ ಹುಟ್ತದೆ."

"ಈಗ ಇದನ್ನು ಹೆಕ್ಕುವವರು ಯಾರು?"

"ನೀನೇ. ಪಾಠಕ್ಕೆ ಫೀಸು ಬೇಡವಾ?"

ಒಂದು ಮಧ್ಯಾಹ್ನ ಹೋಟೆಲಿನಿಂದ ಅಕ್ಕನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ತನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟಿನಲ್ಲಿ ಮನೆಗೆ ಬಂದ ಭಾವ ಅವಳ ಜಡೆಯನ್ನು ಕೈಗೆ ಸುತ್ತಿ, ಮುಖವನ್ನು ಮೇಜಿನ ಅಂಚಿಗೆ ಬಡಿದ. ತುಟಿ ಒಡೆದು ರಕ್ತ ಕೀಬೋರ್ಡಿನ ಮೇಲೆ ಚಿಮ್ಮಿತು. "ತಮ್ಮಾ!" ಎಂದಳು. ನಾನು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೆಳಗಿನ ರಸ್ತೆ ನೋಡುತ್ತ ನಿಂತೆ. ಬೆನ್ನ ಹಿಂದೆ ಬಡಿಯುವ ಸದ್ದು ನಿಲ್ಲಲಿಲ್ಲ.

ಅವಳು ಅದೇ ಊರಿನ ಕೋಪರಿಯಲ್ಲಿದ್ದ ಅಮ್ಮನ ಮನೆಗೆ ಬಂದುಬಿಟ್ಟಳು, ಇನ್ನು ಹೋಗುವುದಿಲ್ಲ ಎಂದಳು. ಸೋದರಮಾವ ಭಾವನನ್ನೂ ಕರೆಸಿ, ಎಲ್ಲರನ್ನೂ ಕೂರಿಸಿ ನನ್ನನ್ನು ಕೇಳಿದರು: "ನೀನು ಅಲ್ಲೇ ಇದ್ದಿಯಲ್ಲ. ಎಂತ ಆದದ್ದು?"

ಭಾವ ನಗುತ್ತ, "ಅರೇ ಬೋಲ್ ನಾ, ಸೇಠ್" ಎಂದ, ಹೇಳು ಧಣಿ ಎಂದು ಅಣಕಿಸುವಂತೆ. ಗಲ್ಲಾಪೆಟ್ಟಿಗೆಯ ನನ್ನ ಕುರ್ಚಿ, ನನ್ನ ಅನ್ನ ಅವನ ಕೈಯಲ್ಲಿತ್ತು.

"ಎಂತದೂ ಆಗ್ಲಿಲ್ಲ ಮಾವ. ಜಾರಿ ಬಿದ್ದದ್ದು."

ನಾನು ಹೊರಡುವಾಗ ಮೆಟ್ಟಿಲ ಬಳಿ ಅಕ್ಕ, ಹೊಲಿಗೆ ಹಾಕಿದ ತುಟಿಯಲ್ಲಿ, ಮೆಲ್ಲಗೆ ಕೇಳಿದಳು: "ನೋಡ್ಲಿಲ್ಲ ಅಂದಿದ್ರೂ ಸಾಕಿತ್ತು. ಆಗ್ಲಿಲ್ಲ ಅಂತ ಯಾಕೆ ಹೇಳಿದಿ?"

ಅವಳನ್ನು ವಾಪಸ್ಸು ಕಳಿಸಿದರು. ಆ ಮಳೆಗಾಲ ಮುಗಿಯುವ ಮೊದಲೇ ಭಾವ ಅವಳ ತಲೆಯನ್ನು ಅದೇ ಮೇಜಿಗೆ ಬಡಿದು ಕೊಂದ.

ಠಾಣೆ ನಗರದ ಕೋರ್ಟಿನಲ್ಲಿ ಅವನ ವಕೀಲ, ಅವಳ ಸಾವಿಗೆ ಮೊದಲು ಏನೂ ನಡೆದಿರಲಿಲ್ಲ ಎಂದು ಮಾವನ ಮುಂದೆ ನೀನೇ ಹೇಳಿದ್ದೆಯಲ್ಲ ಎಂದ. ನನ್ನ ಒಡಕು ಹಿಂದಿಯಲ್ಲಿ ಉತ್ತರ ಕೊಟ್ಟೆ. "ಅವನು ಬಡಿದು ತುಟಿ ಒಡೆದದ್ದು ಕಂಡೆ ಸಾಹೇಬರೆ. ಆಮೇಲೆ ಬಾಗಿಲು ಹಾಕಿಕೊಂಡವನು ನಾನೇ. ಒಳಗೆ ಎಷ್ಟು ಹೊಡೆದನೋ ಕಾಣಲಿಲ್ಲ. ಕಾಣಲಿಲ್ಲ ಅಂತಲೇ ಬರೆದುಕೊಳ್ಳಿ. ಇಲ್ಲ ಅಂತ ಬರೀಬೇಡಿ."