ಕೆರೆಯ ಕೆಳಗಿನ ಹೊಲದಲ್ಲಿ ಅಪ್ಪನ ಗದ್ದುಗೆ

೧೯೩೮ನೆಯ ಇಸವಿ, ನವೆಂಬರ್ ೧೫, ಮಂಗಳವಾರ, ಮುಂಜಾನೆ ಹತ್ತು ಗಂಟೆ. ನಮ್ಮ ಮನೆಯ ಜಗಳ ಹುಟ್ಟಿದ್ದು ಆಗ. ಹುಟ್ಟಿದಾಗ ಅದು ಜಗಳವೆಂದು ಯಾರಿಗೂ ಅನಿಸಲಿಲ್ಲ. ಅಪ್ಪನಿಗೆ ತೆಗ್ಗು ಎಲ್ಲಿ ತೋಡಬೇಕು ಎಂಬ ಮಾತಷ್ಟೇ ನಡೆದಿತ್ತು.

ಅಪ್ಪ ಆ ದಿನ ಬೆಳಗಿನ ಜಾವ ತೀರಿಕೊಂಡಿದ್ದ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕುಳ್ಳಿರಿಸಿ ಮಣ್ಣು ಕೊಡುತ್ತಾರೆ, ಆಮೇಲೆ ಅಲ್ಲಿ ಗದ್ದುಗೆ ಕಟ್ಟಿ ಅಮಾವಾಸ್ಯೆಗೊಮ್ಮೆ ದೀಪ ಹಚ್ಚುತ್ತಾರೆ. ನಮ್ಮೂರು ಸಾಂಬ್ರಾಣಿಯಲ್ಲಿ ನಮಗೆ ಇದ್ದದ್ದು ಎರಡೇ ಹೊಲ. ಮೇಲಿನದು ಅಜ್ಜನ ಕಾಲದ್ದು, ಬರೀ ಕಲ್ಲು. ಕೆರೆಯ ಕೆಳಗಿನ ಒಂದೂವರೆ ಎಕರೆ ಅಪ್ಪ ಬಂಡಿ ಹೊಡೆದು ದುಡಿದ ರೊಕ್ಕದಲ್ಲಿ ಕೊಂಡದ್ದು, ಒಳ್ಳೆಯ ಭತ್ತದ ನೆಲ. ಅಜ್ಜನ ಗದ್ದುಗೆ ಮೇಲಿನ ಹೊಲದಲ್ಲಿತ್ತು, ಆದ್ದರಿಂದ ಅಪ್ಪನನ್ನೂ ಅಲ್ಲಿಗೇ ಒಯ್ಯುವುದು ಸರಿ ಎಂದು ಕೆಲವರು ಹೇಳಿದರು. ಆ ಕಲ್ಲಿನಲ್ಲಿ ತೋಡಿದರೆ ಸಂಜೆಯೊಳಗೆ ಮುಗಿಯುವುದಿಲ್ಲ ಎಂದ ಅಣ್ಣ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಒಂದು ಮಾತು ಕೇಳಿದರು:

"ಹೊಲಾ ಮುಂದ ಯಾರ ಪಾಲಿಗೆ ಬರತೈತಿ, ಅದನ್ನ ನೋಡ್ಕೊಂಡು ತೆಗ್ಗು ತಗೀರಿ."

"ಮತ್ಯಾರ ಪಾಲಿಗ್ರಿ ಅಯ್ಯಾರ? ನನಗ ಬರೂದು," ಎಂದ ಅಣ್ಣ.

ಅವನು ಹಿರಿಯ ಮಗ, ಯಾರಿಗೂ ಸಂಶಯ ಬರಲಿಲ್ಲ. ಕೆರೆಯ ಕಡೆಯ ಮೂಲೆಯಲ್ಲಿ ನಿಂತ ಭತ್ತವನ್ನು ನಾನೇ ಕೊಯ್ದು ಜಾಗ ಮಾಡಿಕೊಟ್ಟೆ. ಹೊತ್ತು ಮುಳುಗುವ ಮೊದಲು ಅಪ್ಪನನ್ನು ಕುಳ್ಳಿರಿಸಿ ವಿಭೂತಿ, ಪತ್ರೆ ಹಾಕಿ ಮಣ್ಣು ಮುಚ್ಚಿದೆವು.

ಗುರುವಾರ ಇಂದೂರು ಎಂಬ ಹಳ್ಳಿಯಿಂದ ಸೋದರಮಾವ ಬಂದ. ಸುದ್ದಿ ಮುಟ್ಟಿದ್ದೇ ತಡವಾಗಿ. ಕೈಕಾಲು ತೊಳೆದುಕೊಂಡು, ಚೀಲದಿಂದ ಅಪ್ಪನ ಮೃತ್ಯುಪತ್ರವನ್ನು ತೆಗೆದು ಮುಂದಿಟ್ಟ. ಎರಡು ವರ್ಷದ ಹಿಂದೆ, ಅಕ್ಕ ಗಂಡನನ್ನು ಕಳೆದುಕೊಂಡು ಮನೆಗೆ ಬಂದಾಗ, ಅಪ್ಪ ಅದನ್ನು ಬರೆಸಿ ಮಾವನ ಹತ್ತಿರ ಇಟ್ಟಿದ್ದನಂತೆ. ಮನೆ ಮತ್ತು ಮೇಲಿನ ಹೊಲ ಮೂವರು ಗಂಡುಮಕ್ಕಳಿಗೆ. ಕೆರೆಯ ಕೆಳಗಿನ ಹೊಲ ಅಕ್ಕನಿಗೆ.

ಓದಿದವನು ನಾನು. ಓದಿ ಮುಗಿದ ಮೇಲೆ ಅಣ್ಣ ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದ.

ಅಣ್ಣ ಕಾಗದವನ್ನು ಸುಳ್ಳೆನ್ನಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಅವನ ಮಾತು ಬೇರೆ ಇತ್ತು. ಅಪ್ಪ ಕುಳಿತ ನೆಲ ಬೇರೆ ಮನೆತನಕ್ಕೆ ಸೇರಿದ ಮಗಳ ಕೈಗೆ ಹೋಗಬಾರದು. ನಾಳೆ ಅವಳು ಗಂಡನ ಕಡೆಯ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡರೆ ಗದ್ದುಗೆಗೆ ಯಾರು ದಿಕ್ಕು? ಅಪ್ಪನನ್ನು ಎಬ್ಬಿಸಿ ಮೇಲಿನ ಹೊಲಕ್ಕೆ ಒಯ್ಯಬಹುದೇ ಎಂದು ಮಾವ ಮೆಲ್ಲಗೆ ಕೇಳಿದ. ಒಮ್ಮೆ ಕುಳ್ಳಿರಿಸಿದವರನ್ನು ಎಬ್ಬಿಸುವ ಪದ್ಧತಿ ಇಲ್ಲವೆಂದರು ಅಯ್ಯನವರು. ಅಲ್ಲಿಗೆ ಆ ದಾರಿ ಮುಚ್ಚಿತು.

ಅಕ್ಕನಿಗೆ ಆ ಹೊಲ ಎಂದರೆ ಏನೆಂದು ನಾನು ನೋಡಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಕೆಟ್ಟವಳಲ್ಲ. ಆದರೂ ಅಕ್ಕಿಯ ಗಡಿಗೆಗೆ ಕೈ ಹಾಕುವ ಮೊದಲು ಅಕ್ಕ ಅವಳನ್ನು ಕೇಳಬೇಕಾಗಿತ್ತು. ದಿನಾಲು ಎರಡು ಹೊತ್ತು ಹಾಲು ಹಿಂಡುವವಳು ಅಕ್ಕ, ಕಾಸಿ ಹಂಚುವವಳು ವೈನಿ.

ಕುಳಿತು ಬಗೆಹರಿಸೋಣವೆಂದು ಬೈಠಕ್‌ಗಳು ಆರಂಭವಾದವು. ದಿನಚರಿ ಬರೆಯುವ ಚಟ ನನಗೆ ಮೊದಲಿಂದ ಇದೆ, ಹಾಗಾಗಿ ತಾರೀಖುಗಳು ಉಳಿದಿವೆ. ಡಿಸೆಂಬರ್ ೪ರಂದು ಅಣ್ಣ ಹೊಲ ಬದಲಿ ಮಾಡಿಕೊಳ್ಳೋಣ ಎಂದ: ಕಲ್ಲಿನ ಹೊಲ ಅಕ್ಕನಿಗೆ, ಭತ್ತದ್ದು ತನಗೆ. ಅಕ್ಕ ಒಪ್ಪಲಿಲ್ಲ. ೧೮ರಂದು, ಗದ್ದುಗೆಯ ಜಾಗವನ್ನಷ್ಟೇ ಅಳೆದು ಗಂಡುಮಕ್ಕಳ ಹೆಸರಿಗೆ ಬಿಡುವುದೆಂದಾಯಿತು. ಅಕ್ಕ ಕೂಡಲೇ ಒಪ್ಪಿದಳು. ಹಗ್ಗ ಹಿಡಿದವನು ನಾನು. ಎಂಟು ಮೊಳ ಉದ್ದ, ಎಂಟು ಮೊಳ ಅಗಲ.

ಮುಗಿಯಿತು ಎಂದುಕೊಂಡೆ. ಜನವರಿಯಲ್ಲಿ, ಪೂಜೆಗೆ ಕೂಡಲು ಸುತ್ತ ಜಾಗ ಬೇಕಾಯಿತು. ಹನ್ನೆರಡು ಮೊಳ. ಫೆಬ್ರುವರಿಯಲ್ಲಿ ಬೀಗರು ಬಂದರೆ ಊಟಕ್ಕೆ ಪಂಕ್ತಿ ಹಾಕಲು ಎಂದು ಇಪ್ಪತ್ತು ಮೊಳವಾಯಿತು. ಅದೇ ಹಗ್ಗ, ಅದೇ ಮೂಲೆ. ಪ್ರತಿ ಸಲ ಗೂಟ ಕಿತ್ತು ಮುಂದೆ ಹುಗಿಯುವುದು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದ ನಡುವಿನ ಅಣ್ಣ ಪ್ರತಿ ಬೈಠಕ್‌ಗೂ ಸಿಕ್ಕ ಬಂಡಿ ಹಿಡಿದು ಬಂದು, ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ. ಅವತ್ತು ಕಣ್ಣು ತೆರೆಯದೆಯೇ ಹೇಳಿದ:

"ಇನ್ನೊಂದು ಬೈಠಕ್ ಆದ್ರ ಅಪ್ಪಗ ಕೆರೀನೂ ಬೇಕಾಗತೈತಿ."

ಯಾರೂ ನಗಲಿಲ್ಲ, ಮಾವನ ಹೊರತು.

ಮಾರ್ಚ್ ೧೨ರಂದು ಕೊನೆಯ ಬೈಠಕ್. ಗದ್ದುಗೆ ಇರುವುದು ದೂರದ ಮೂಲೆಯಲ್ಲಿ, ಆದ್ದರಿಂದ ರಸ್ತೆಯಿಂದ ಅಲ್ಲಿಯ ತನಕ ಹೊಲದ ನಡುವೆ ಬಂಡಿ ಹಾದಿ ಬೇಕು ಎಂದ ಅಣ್ಣ. ನಮ್ಮ ಕಡೆ ಭತ್ತವನ್ನು ಎತ್ತು ಹೂಡಿ ಕೂರಿಗೆಯಿಂದ ಬಿತ್ತುತ್ತೇವೆ. ನಡುವೆ ಹಾದಿ ಹಾಕಿದರೆ ಹೊಲ ಎರಡು ಪಟ್ಟಿಯಾಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಎತ್ತು ಹೊರಳಿಸಲು ಆಗುವುದಿಲ್ಲ. ಅಣ್ಣನೂ ಬಿತ್ತುವವನೇ, ಅವನಿಗೆ ಗೊತ್ತಿಲ್ಲದ್ದಲ್ಲ.

ಅಷ್ಟು ದಿನ ಬಾಗಿಲ ಹತ್ತಿರ ಕೂಡುತ್ತಿದ್ದ ಅಕ್ಕ ಅವತ್ತು ಒಳಗೆ ಬಂದಳು.

"ಅಣ್ಣಾ, ಅಪ್ಪ ಇದ್ದಾಗ ಮಲಗಾಕೂ ಇಷ್ಟ ಜಾಗಾ ಕೇಳಿದ್ದಿಲ್ಲ. ನಾ ಮೊಳಾ ಬಿಟ್ಟುಕೊಟ್ಟು ಸಾಕಾಗೇನಿ. ಹೊಲಾ ಕಾಗದದಾಗ ಹೆಂಗೈತಿ ಹಂಗ ಇರಲಿ. ದೀಪಾ ನಾ ಹಚ್ತೇನಿ. ನೀ ಯಾವಾಗ ಬೇಕಾದ್ರೂ ಬಾ, ನನ್ನ ಕೇಳೂದು ಬ್ಯಾಡ."

ಅಣ್ಣ ಅಯ್ಯನವರ ಮುಖ ನೋಡಿದ. ಮಗಳು ದೀಪ ಹಚ್ಚುವುದು ನಡೆಯುವುದಿಲ್ಲವೆಂದು ಅವರು ಹೇಳುತ್ತಾರೆಂದು ಕಾದಿರಬೇಕು.

"ಆಕಿ ಕೊರಳಾಗೂ ಲಿಂಗ ಐತಿ, ನಿನ್ನ ಕೊರಳಾಗೂ ಐತಿ," ಎಂದರು ಅಯ್ಯನವರು. "ಆಕಿ ಹಚ್ಚಿದ್ರ ದೀಪಾ ಉರಿಯೂದಿಲ್ಲೇನು?"

ಅಣ್ಣ ಸಿಟ್ಟು ಮಾಡಲಿಲ್ಲ.

"ಉರೀತೈತಿ ಬಿಡ್ರಿ," ಎಂದ. "ಆದ್ರ ಆಕಿ ಹೊಲದಾಗ ನಾ ಕಾಲಿಡೂದಿಲ್ಲ. ಅಲ್ಲಿ ಕೂಡಸ್ರಿ ಅಂದಾಂವ ನಾನ. ನನ್ನ ಹೊಲಾ ಅಂತ ಕೂಡಿಸಿದ್ದೆ."

ಏಪ್ರಿಲ್‌ನಲ್ಲಿ ಹೊಲದ ಸರಕಾರಿ ದಾಖಲೆಯಾದ ಉತಾರಕ್ಕೆ ಅಕ್ಕನ ಹೆಸರು ಬಂತು. ಗೂಟಗಳನ್ನು ಕಿತ್ತೆವು. ಮೇ ಕೊನೆಗೆ ನಾನೇ ಎತ್ತು ಹೊಡೆದೆ, ಅಕ್ಕ ಕೂರಿಗೆಯ ಹಿಂದೆ ಕಾಳು ಬಿಡುತ್ತ ಬಂದಳು. ಅವಳಿಗೀಗ ಹಿತ್ತಲ ಕೋಣೆಯಲ್ಲಿ ಬೇರೆ ಒಲೆ, ಬೇರೆ ಅಕ್ಕಿಯ ಗಡಿಗೆ.

ವರ್ಷ ತುಂಬಿದ ದಿನ ಎರಡು ಕಡೆ ಪ್ರಸಾದವಾಯಿತು. ಗದ್ದುಗೆಯ ಮುಂದೆ ಅಕ್ಕ ಮಾಡಿಸಿದಳು, ಪಡಸಾಲೆಯಲ್ಲಿ ಅಣ್ಣ ಮಾಡಿಸಿದ. ನಾನು ಎರಡೂ ಕಡೆ ಉಂಡೆ. ಮಧ್ಯಾಹ್ನ ಅಣ್ಣ ಕೆರೆಯ ಏರಿಯ ಮೇಲೆ ಹೋಗಿ ನಿಂತಿದ್ದ. ಅಲ್ಲಿಂದ ಗದ್ದುಗೆ ಚೆನ್ನಾಗಿ ಕಾಣುತ್ತದೆ. ಅಕ್ಕ ನೋಡಿದಳು, ಕರೆಯಲಿಲ್ಲ. ಕರೆದರೆ ಹೊರಟುಹೋಗುತ್ತಾನೆ ಎಂದಳು.

ಇದನ್ನು ಬರೆಯುತ್ತಿರುವುದು ೧೯೪೧ರಲ್ಲಿ. ಅಣ್ಣ ಇನ್ನೂ ಆ ಹೊಲಕ್ಕೆ ಇಳಿದಿಲ್ಲ. ತನ್ನ ಅವಸರದಿಂದ ಅಪ್ಪನನ್ನು ಅಜ್ಜನಿಂದ ದೂರ ಮಾಡಿದೆ ಎಂಬುದು ಅವನ ಮನಸ್ಸಿನಲ್ಲಿ ಕೂತಿದೆ ಎಂದು ವೈನಿ ಈಚೆಗೆ ನನಗೆ ಹೇಳಿದಳು. ತನ್ನನ್ನು ಎಲ್ಲಿ ಕುಳ್ಳಿರಿಸಬೇಕೆಂದು ಅಪ್ಪ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಅವನು ಹಳಿಯಾಳದಿಂದ ದಾಂಡೇಲಿಯ ಕಡೆಗೆ ಬಹಳ ವರ್ಷ ಬಂಡಿ ಹೊಡೆದವನು. ಸಾಲು ಬಂಡಿಗಳು ಇಳಿದಲ್ಲಿ ಅಡಿಗೆ ಮಾಡಿಕೊಂಡು ಉಣ್ಣುವಾಗ ಮನುಷ್ಯ ಏನಾದರೂ ಹೇಳಿಕೊಂಡಿರುತ್ತಾನೆ. ಒಂದು ಬಿಳಿ, ಒಂದು ಕಪ್ಪು ಎತ್ತು ಹೂಡುತ್ತಿದ್ದ, ಎಡಗೈಯ ಕಿರುಬೆರಳಿಲ್ಲದ ಸಾಂಬ್ರಾಣಿಯ ಬಂಡಿಯವನನ್ನು ಬಲ್ಲವರು, ಅವನ ಬಾಯಿಂದ ಇಂಥ ಮಾತು ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿರಿ. ಮೇಲಿನ ಹೊಲ ಎಂದಿದ್ದರೂ ತಿಳಿಸಿರಿ. ಅದನ್ನು ಅಣ್ಣನಿಗೆ ಹೇಳುವುದೋ ಬಿಡುವುದೋ, ನಾನೂ ಅಕ್ಕನೂ ಕೂತು ನೋಡುತ್ತೇವೆ.